ಅರ್ಧ ಮಗ್ಗದ ಬೆಲೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಹಲ್ಲು ಉದುರಿದವು, ಕಣ್ಣಿಗೆ ಪೊರೆ ಬಂತು, ಸಿಟ್ಟು ಮಾತ್ರ ಇದ್ದ ಜಾಗ ಬಿಟ್ಟು ಕದಲಲಿಲ್ಲ. ಅದರಿಂದ ಲಾಭವೂ ಆಗಿದೆ, ನಷ್ಟವೂ ಆಗಿದೆ. ಒಂದು ಸಲವಂತೂ ಅದು ನನ್ನ ಬದುಕನ್ನೇ ಮುಳುಗಿಸುವುದರಲ್ಲಿತ್ತು. ನಾನೂ ನನ್ನ ಗಂಡನೂ ಬೇರೆಯಾದಾಗ ನಮ್ಮಿಬ್ಬರ ನಡುವೆ ಹಂಚಿಕೊಳ್ಳಲು ಇದ್ದದ್ದು ಒಂದೇ ಒಂದು ಮಗ್ಗ. ಆ ಮಗ್ಗದ ಬೆಲೆ ಎಷ್ಟು ಅನ್ನುವುದೇ ಜಗಳ. ಆ ಜಗಳದಲ್ಲಿ ನನ್ನನ್ನು ಸೋಲಿಸಲು ಹೊರಟಿದ್ದು ಬೇರೆ ಯಾರೂ ಅಲ್ಲ, ನಾನೇ.

ಐವತ್ತರ ದಶಕದ ಮಾತಿದು. ನಾನು ಸೂಡಿಯವಳು. ಮದುವೆಯಾಗಿ ಗಜೇಂದ್ರಗಡದ ನೇಕಾರರ ಓಣಿಗೆ ಬಂದಾಗ ಗಂಡನ ಮನೆಯಲ್ಲಿ ಮಗ್ಗವೇ ಇರಲಿಲ್ಲ. ನನ್ನ ಮಾವ ಸಾಯುವವರೆಗೂ ಇನ್ನೊಬ್ಬರ ಮಗ್ಗದಲ್ಲಿ ಕೂತು ಕೂಲಿಗೆ ನೇಯ್ದವರು. ಮಗನೂ ಅದನ್ನೇ ಮಾಡುತ್ತಿದ್ದ. ನಾನು ನಾಲ್ಕು ಮನೆಗಳಿಗೆ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದೆ. ಹೀಗೆ ಮೂರು ವರ್ಷ ಇಬ್ಬರೂ ಬಾಯಿ ಕಟ್ಟಿ ಹೊಟ್ಟೆ ಕಟ್ಟಿ ಒಂದು ಮಗ್ಗ ಮಾಡಿಸಿದೆವು. ಪಡಸಾಲೆಯಲ್ಲಿ ಕಾಲಿಳಿಸಿ ಕೂರಲು ಕುಣಿ ತೋಡಿ ಅದನ್ನು ನಿಲ್ಲಿಸಿದ ದಿನ ಅವನು ಪೇಢೆ ತಂದು ಮೊದಲು ತಾಯಿಗೆ, ಆಮೇಲೆ ನನಗೆ ಕೊಟ್ಟಿದ್ದ. ಸುಳ್ಳು ಯಾಕೆ ಹೇಳಲಿ, ಅವನು ಕೆಟ್ಟವನಾಗಿರಲಿಲ್ಲ.

ಆದರೆ ಎಂಟು ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ದೋಷ ಯಾರದು ಎಂದು ದವಾಖಾನೆಗೆ ಹೋಗಿ ಕೇಳಿದವರು ಯಾರೂ ಇಲ್ಲ. ಹೆಂಗಸಿನ ತಲೆಗೆ ಕಟ್ಟಿದರೆ ಮುಗಿಯಿತಲ್ಲ! ಅವನ ಸೋದರತ್ತೆಯರು ನರಗುಂದದ ಕಡೆ ಒಂದು ಹೆಣ್ಣನ್ನೂ ನೋಡಿಟ್ಟರು. ಹಿಂದೆಲ್ಲ ಆಗಿದ್ದರೆ ಅವಳನ್ನೂ ತಂದು ಇದೇ ಮನೆಯಲ್ಲಿ ಇಟ್ಟುಬಿಡುತ್ತಿದ್ದರು. ಅಷ್ಟರಲ್ಲಿ ಸರಕಾರ ಒಬ್ಬಳಿರುವಾಗ ಇನ್ನೊಬ್ಬಳನ್ನು ತರುವಂತಿಲ್ಲ ಎಂದು ಕಾನೂನು ಮಾಡಿತ್ತು. ಆ ಕಾನೂನು ಮಾಡಿದವರ ಹೊಟ್ಟೆ ತಣ್ಣಗಿರಲಿ. ಗಂಡ ನನ್ನ ಮುಂದೆ ಬಂದು ತಲೆ ತಗ್ಗಿಸಿ ನಿಂತ. ನಮ್ಮವರ ಪದ್ಧತಿಯಂತೆ ಸೋಡಚೀಟಿ ಬರೆಸಿ ಬಿಡುಗಡೆ ಮಾಡಿಕೊಳ್ಳೋಣ ಅಂದ.

"ಮಾಡ್ಕೊಳ್ಳೂಣು," ಅಂದೆ. "ದಿನಾ ಬೆಳಗಾದ್ರ ನಿಮ್ಮತ್ತೇರ ಮಾತ ಕೇಳಿ ನನಗೂ ಸಾಕಾಗೈತಿ. ಆದ್ರ ಮಗ್ಗದಾಗ ನನ್ನ ಪಾಲು ನನಗ ಬರಬೇಕು."

"ಮಗ್ಗದಾಗ ನಿಂದೇನ ಪಾಲು? ನೇಯ್ದಾಂವ ನಾನು."

"ನಾ ಕಂಡಿಕಿ ಸುತ್ತದ, ಹಾಸ ಹೂಡದ, ಬರೇ ಗಾಳಿ ನೇಯ್ದ್ಯೇನ ನೀನು?"

ಅಲ್ಲಿಂದ ಜಗಳ ಶುರುವಾಯಿತು. ಸುದ್ದಿ ತಿಳಿದು ಸೂಡಿಯಿಂದ ಅಣ್ಣ ಬಂದ. "ನಡೀ ತಂಗಿ, ಒಂದು ರೊಟ್ಟಿ ನಮಗೇನ ಭಾರಲ್ಲ," ಅಂದ. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಜೊತೆಗೆ ಬಂದಿದ್ದ ಅತ್ತಿಗೆ ಒಂದು ಮಾತೂ ಆಡದೆ ಸೆರಗಿನ ಅಂಚು ನೋಡುತ್ತ ಕೂತಿದ್ದಳು. ಇಪ್ಪತ್ತೈದು ತುಂಬದ ನಾನು ಇನ್ನು ಉಳಿದ ಆಯುಷ್ಯವನ್ನೆಲ್ಲ ಅವಳ ಒಲೆಯ ಮುಂದೆ ಕೂತು ಕಳೆಯಬೇಕೆ? ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜಿಯ ಖೋಲಿ ಬಾಡಿಗೆಗೆ ಇತ್ತು. ಮಗ್ಗಕ್ಕೆ ಕುಣಿ ತೋಡಿಕೊಳ್ಳಲು ಅವಳು ಒಪ್ಪಿದ್ದಳು. ನಮ್ಮ ಮಗ್ಗದ ಅರ್ಧ ಬೆಲೆ ಕೈಗೆ ಬಂದರೆ ಒಂದು ಹಳೆಯ ಮಗ್ಗವನ್ನಾದರೂ ಕೊಂಡು ನಾನೇ ನೇಯ್ದುಕೊಂಡು ಬದುಕಬಹುದಿತ್ತು. ಬರದಿದ್ದರೆ ಸೂಡಿಯೇ ಗತಿ.

ಓಣಿಗೆ ಹಿರಿಯರೆಂದರೆ ಎಪ್ಪತ್ತು ದಾಟಿದ ಒಬ್ಬ ನೇಕಾರರು. ಅವರು ಇನ್ನಿಬ್ಬರು ಪಂಚರನ್ನು ಕೂಡಿಸಿಕೊಂಡು ನಮ್ಮ ಪಡಸಾಲೆಯಲ್ಲೇ ನ್ಯಾಯಕ್ಕೆ ಕೂತರು. "ಮನಿ ಇವರಪ್ಪಂದು, ಅದರ ಮಾತ ಬ್ಯಾಡ," ಎಂದರು. "ಮಗ್ಗ ಇಬ್ಬರೂ ದುಡದ ಮಾಡಿದ್ದು. ಕುಣಿ ಇವನ ಮನ್ಯಾಗೈತಿ, ಮಗ್ಗ ಇವನ ಕಡೇನ ಇರ್ಲಿ. ಬೆಲಿ ಕಟ್ಟಿಸಿ ಅರ್ಧಾ ಅಕಿಗೆ ಕೊಡ್ಲಿ."

ಬೆಲೆ ಕಟ್ಟುವವರು ಯಾರು? ಓಣಿಯ ನೇಕಾರರೆಲ್ಲ ಒಂದಿಲ್ಲೊಂದು ಕಡೆಯಿಂದ ಅವನಿಗೆ ಬೀಗರು. ನರಗುಂದದಲ್ಲಿ ಒಬ್ಬ ಬಡಿಗ ಇದ್ದಾನೆ, ಯಾರ ಮುಲಾಜಿಗೂ ಬೀಳುವವನಲ್ಲ, ಅವನನ್ನು ಕರೆಸೋಣ ಎಂದು ಗಂಡನೇ ಹೇಳಿದ. ನಾನೂ ಹೂಂ ಅಂದೆ. ಸೋಮವಾರ ಎಂದು ಗೊತ್ತಾಯಿತು.

ಶನಿವಾರ ಮಗ್ಗದ ಮೇಲಿನ ಕೊನೆಯ ಸೀರೆ ಇಳಿಯಿತು. ಗಂಡ ಅದನ್ನು ಕತ್ತರಿಸಿ ಮಡಿಚಿಟ್ಟ. ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಸೀರೆ ಇಳಿಸಿದ ಮೇಲೆ ನಾವು ಮಗ್ಗವನ್ನು ಪೂರ್ತಿ ಬರಿದು ಮಾಡುವುದಿಲ್ಲ. ಹಳೆಯ ಹಾಸಿನ, ಅಂದರೆ ಉದ್ದಕ್ಕೆ ಹೂಡಿದ ನೂಲಿನ, ಎಳೆಗಳನ್ನು ಒಂದು ಗೇಣಿನಷ್ಟು ಮಗ್ಗದಲ್ಲೇ ಬಿಡುತ್ತೇವೆ. ಒಂದೊಂದು ಎಳೆಯೂ ಒಂದೊಂದು ದಾರದ ಕಣ್ಣಿನಲ್ಲಿ ತೂರಿ, ಆಮೇಲೆ ಹಣಿಗೆಯ ಹಲ್ಲುಗಳ ಸಂದಿನಲ್ಲಿ ತೂರಿ ನಿಂತಿರುತ್ತದೆ. ಹೊಸ ಹಾಸು ಬಂದಾಗ ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಅದರ ಒಂದೊಂದು ಎಳೆಯನ್ನು ಹಳೆಯ ಒಂದೊಂದು ಎಳೆಗೆ ಹೊಸೆದು ಕೆಚ್ಚುತ್ತೇವೆ. ಹಳೆಯದನ್ನು ಮೆಲ್ಲಗೆ ಎಳೆದರೆ ಹೊಸದು ಅದರ ಬೆನ್ನು ಹತ್ತಿ ತಾನಾಗಿ ಬಂದುಬಿಡುತ್ತದೆ. ಆ ಗೇಣುದ್ದದ ನೂಲನ್ನು ಸಂತೆಯಲ್ಲಿ ಯಾರೂ ಮುಟ್ಟಿಯೂ ನೋಡುವುದಿಲ್ಲ. ಆದರೆ ಅದು ಹೋಯಿತೆಂದರೆ ಎರಡು ಸಾವಿರಕ್ಕೂ ಮಿಕ್ಕಿದ ಎಳೆಗಳನ್ನು ಮೊದಲಿನಿಂದ ಒಂದೊಂದಾಗಿ ತುಂಬಬೇಕು. ನಮ್ಮ ಓಣಿಯಲ್ಲಿ ಪಟ್ಟೆದಂಚಿನ ಸೀರೆಗೆ ತಪ್ಪದೆ ಎಳೆ ತುಂಬುವವರು ನಾಲ್ಕೇ ಜನ. ಅವರಲ್ಲಿ ಒಬ್ಬಳು ನಾನು.

ಆ ಸಂಜೆ ನಾನು ಆ ತುದಿಗಳನ್ನು ಬಾಚಿ ಗಂಟು ಹಾಕುತ್ತಿದ್ದೆ. ಗಂಡ ಬಾಗಿಲಲ್ಲಿ ನಿಂತು, "ನೂಲು ಸಾವುಕಾರ ನನಗ ಕೊಟ್ಟಿದ್ದು. ಅದರಾಗ ಒಂದ ಎಳೀನೂ ನಿಂದಲ್ಲ. ಸೋಮಾರ ಪಂಚರ ಮುಂದ ಅದನ್ನೂ ಕೇಳಬ್ಯಾಡ ಮತ್ತ," ಅಂದ.

ಕೇಳಿದ್ದೇ ತಡ, ನನ್ನ ತಲೆ ಕೆಟ್ಟುಹೋಯಿತು. ನಾನು ನೂಲು ಕೇಳಿದ್ದೆನೆ? ಭಿಕ್ಷೆಯವಳೇ ನಾನು?

"ಯಾರಿಗೆ ಬೇಕಾಗೈತೋ ನಿನ್ನ ನೂಲು! ತಗೋ, ನೀನ ಇಟ್ಕೊಂಡ ಪೂಜಿ ಮಾಡು!" ಎಂದು ಕಿರುಚಿದೆ. ಎರಡೂ ಕೈಯಿಂದ ಬಾಚಿ ಹಿಡಿದು ಎಳೆದೆ. ಎಳೆಗಳೆಲ್ಲ ಸರ್ರೆಂದು ಕಿತ್ತುಬಂದವು. ಎಳೆದ ರಭಸಕ್ಕೆ ದಾರದ ಕಣ್ಣುಗಳೂ ಅಲ್ಲಲ್ಲಿ ಹರಿದು ಜೋತುಬಿದ್ದವು. ಆ ಗೋಜಲನ್ನು ಉಂಡೆ ಮಾಡಿ ಅವನ ಎದೆಗೆ ಒಗೆದೆ.

ಅವನು ಒಂದು ಗಳಿಗೆ ಬಾಯಿ ತೆರೆದು ನಿಂತ. ಆಮೇಲೆ ಅವನ ಮುಖದಲ್ಲಿ ನಗು ಮೂಡಿತು. ಹಾಗೇ ಹೊರಗೆ ಹೋದ. ಅವನು ಯಾಕೆ ನಕ್ಕ ಎಂದು ನನಗೆ ತಿಳಿಯಲಿಲ್ಲ. ಒಲೆಯ ಮುಂದಿದ್ದ ನನ್ನ ಅತ್ತೆ, ಅವನ ತಾಯಿ, ಎದ್ದು ಬಂದು ಮಗ್ಗ ನೋಡಿ ಹಣೆ ಬಡಿದುಕೊಂಡಾಗ ತಿಳಿಯಿತು.

"ಏ ಖೋಡಿ, ಏನ ಮಾಡ್ಕೊಂಡೀ? ಸೋಮಾರ ಬೆಲಿ ಕಟ್ಟಾಕ ಬರ್ತಾರ. ಈಗ ಅವ್ರು ಏನ ನೋಡಿ ಬೆಲಿ ಕಟ್ಟಬೇಕು?"

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೆ?

ಸೋಮವಾರ ಪಂಚರು ಬಂದರು. ನರಗುಂದದ ಬಡಿಗನೂ ಬಂದ. ಅವನು ಜೀವಮಾನವೆಲ್ಲ ಚಕ್ಕಡಿ, ಬಾಗಿಲು, ತೊಟ್ಟಿಲು ಮಾಡಿದವನು. ಕಿವಿಯ ಮೇಲಿನ ಪೆನ್ಸಿಲು ತೆಗೆದು ಮಗ್ಗವನ್ನು ಸುತ್ತು ಹಾಕಿದ. ಕಂಬಗಳನ್ನು ಬೆರಳಲ್ಲಿ ಬಡಿದ. "ಎರಡ ಕಂಬ ಸಾಗವಾನಿ, ಉಳದದ್ದು ಬೇವು. ಒಂದ ಕಡೆ ಗೆದ್ದಲ ಹತ್ತೈತಿ," ಎಂದು ಒಂದು ಬೆಲೆ ಹೇಳಿದ. ಒಂದು ಜೊತೆ ಒಳ್ಳೆಯ ಬಾಗಿಲಿನ ಬೆಲೆಯೂ ಅದಲ್ಲ. ಅದರ ಅರ್ಧ ಹಿಡಿದುಕೊಂಡು ಹೋದರೆ ನನಗೆ ಒಂದು ಹಣಿಗೆಯೂ ಲಾಳಿಯೂ ಬರುತ್ತಿದ್ದವು, ಅಷ್ಟೇ.

"ಅದು ಕಟ್ಟಿಗಿ ಬೆಲಿರಿ! ಇದು ನಡಿಯೂ ಮಗ್ಗ!" ಎಂದು ಕೂಗಿದೆ.

ಹಿರಿಯರು ಬರಿದಾದ ಹಣಿಗೆಯ ಮೇಲೆ ಕೈಯಾಡಿಸಿ ನನ್ನ ಕಡೆ ನೋಡಿದರು. "ನಡಿಯೂ ಮಗ್ಗ ಎಲ್ಲೈತಿ ತಂಗಿ? ಎಳಿ ಕಿತ್ತವರ ಯಾರು?"

"ನಾನ ರೀ."

"ನೀನ ಕಿತ್ತೀದಿ. ನಾವ ಕಣ್ಣಿಗೆ ಕಂಡದ್ದಕ್ಕ ಬೆಲಿ ಕಟ್ಟಾವ್ರು. ಏನ ಮಾಡೂಣು ಹೇಳು."

ಅಣ್ಣ ಗೋಡೆಗೆ ಒರಗಿ, ಆಗಲೇ ನನ್ನನ್ನು ಊರಿಗೆ ಕರೆದೊಯ್ಯಲು ನಿಂತವನಂತೆ ತಲೆಗೆ ರುಮಾಲು ಸುತ್ತಿಕೊಳ್ಳುತ್ತಿದ್ದ.

ಆಗ ಒಳಗಿನ ಬಾಗಿಲ ಮರೆಯಿಂದ ಅತ್ತೆಯ ದನಿ ಬಂತು. ಪಂಚರು ಕೂತಲ್ಲಿ ಹೆಂಗಸರು ಕರೆಯದೆ ಮಾತಾಡುವುದು ನಮ್ಮಲ್ಲಿ ಇರಲಿಲ್ಲ. ಅದೂ ಈ ಅತ್ತೆ! ಉಪ್ಪು ಹೆಚ್ಚಾದರೆ ಜಗಳ, ಕಡಿಮೆಯಾದರೆ ಜಗಳ; ಎಂಟು ವರ್ಷದಲ್ಲಿ ನಾವಿಬ್ಬರೂ ಬಾಯಿ ಮಾಡದ ದಿನವಿಲ್ಲ.

"ಹಿರ್ಯಾರ, ಹೆಣಾ ನೋಡಿ ಮನಶ್ಯಾನ ಬೆಲಿ ಕಟ್ಟತೀರೇನ್ರಿ? ಶನಿವಾರ ತನಕಾ ಈ ಮಗ್ಗ ಉಸುರಾಡತಿತ್ತು. ಇಕಿ ಸಿಟ್ಟಿನ ಕೈಯಾಗ ಬುದ್ಧಿ ಕೊಟ್ಟು ಅದನ್ನ ಕೊಂದಾಳ. ಕೊಂದಾಕಿನ ಜೀವಾ ತುಂಬ್ಲಿ. ನಾಕ ದಿನಾ ಕೊಡ್ರಿ. ಆಮ್ಯಾಲ ಬಂದು ಬೆಲಿ ಕಟ್ಟ್ರಿ."

ಗಂಡ ಎದ್ದು ನಿಂತ. "ಯವ್ವಾ, ನೀ ಯಾರ ಕಡಿ ಅದೀ?"

"ನಾ ಮಗ್ಗದ ಕಡಿ ಅದೀನಿ. ಸುಮ್ಕ ಕುಂದ್ರು."

ಪಂಚರು ನಕ್ಕುಬಿಟ್ಟರು. ಹಿರಿಯರು ಗಂಡನಿಗೆ, "ಹೊಸಾ ಹಾಸು ಸುತ್ತಿ ಮೂಲ್ಯಾಗ ಇಟ್ಟೀಯಲ್ಲೋ ತಮ್ಮಾ, ಅದನ್ನ ಏರಸಾಕ ನಿನಗೂ ಎಳಿ ತುಂಬಾವ್ರು ಬೇಕಲ್ಲ? ಯಾರದಾರ ನಿನ್ನ ಮನ್ಯಾಗ?" ಎಂದು ಕೇಳಿದರು. ಅವನು ಮೂಲೆಯಲ್ಲಿದ್ದ ಹಾಸಿನ ಕಡೆ ನೋಡಿದ. ಶುಕ್ರವಾರ ಮತ್ತೆ ಬರುತ್ತೇವೆಂದು ಪಂಚರು ಎದ್ದರು. ಬಡಿಗ ಮಾತ್ರ ಗೊಣಗುತ್ತ ಬಸ್ಸು ಹಿಡಿಯಲು ಹೋದ.

ಎಳೆ ತುಂಬುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಮಗ್ಗದ ಆ ಕಡೆ ಕೂತು ಹಾಸಿನಿಂದ ಒಂದೊಂದೇ ಎಳೆ ಬಿಡಿಸಿ ಕೊಡಬೇಕು. ಇನ್ನೊಬ್ಬರು ಈ ಕಡೆಯಿಂದ ಕಣ್ಣಿನೊಳಗೆ ಕೊಕ್ಕೆ ತೂರಿಸಿ ಎಳೆದುಕೊಳ್ಳಬೇಕು. ಯಾರನ್ನು ಕರೆಯಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಕಡೆ ಹೋಗಿ ಕೂತಳು.

"ನಿನಗ ಕಣ್ಣು ಕಾಣ್ತಾವೇನ ಅತ್ತಿ?"

"ಎಳಿ ಕೊಡಾಕ ಕಣ್ಣ ಯಾಕ ಬೇಕ? ಬೆರಳ ಅದಾವ. ನೀ ನಿನ್ನ ಕೆಲಸಾ ನೋಡ್ಕೋ."

ಮೊದಲ ದಿನವೆಲ್ಲ ಹರಿದ ಕಣ್ಣುಗಳನ್ನು ಕಟ್ಟುವುದರಲ್ಲೇ ಹೋಯಿತು. ಎರಡನೆಯ ದಿನ ತುಂಬಲು ಶುರು ಮಾಡಿದೆವು. ಅವಳು ಕೊಡುವುದು, ನಾನು ಎಳೆಯುವುದು. ಅವಳ ಬೆರಳು ಒಂದು ಸಲವೂ ಎರಡು ಎಳೆ ಕೂಡಿಸಿ ಕೊಡಲಿಲ್ಲ. ಮಧ್ಯೆ ಮಧ್ಯೆ ಬೈಗುಳವೂ ನಡೆದಿತ್ತು. ಅದಿಲ್ಲದಿದ್ದರೆ ನಮ್ಮಿಬ್ಬರಿಗೂ ಊಟ ಸೇರುತ್ತಿರಲಿಲ್ಲವೇನೋ.

"ಮಗನ ಗಂಟ ಕರಗಿಸಾಕ ಇಷ್ಟ್ಯಾಕ ಬಡದಾಡತೀ?" ಎಂದು ನಾನೇ ಕೇಳಿಬಿಟ್ಟೆ.

ಅವಳು ಎಳೆ ಕೊಡುತ್ತಲೇ ಹೇಳಿದಳು. ಅವಳ ತವರು ಲಕ್ಕಲಕಟ್ಟಿ. ಮದುವೆಯಾದ ಹೊಸದರಲ್ಲಿ ಗಂಡ, ಅಂದರೆ ನನ್ನ ಮಾವ, ಕೈ ಎತ್ತಿದರೆಂದು ಸಿಟ್ಟು ಮಾಡಿಕೊಂಡು ತವರಿಗೆ ನಡೆದುಬಿಟ್ಟಿದ್ದಳಂತೆ. ಒಂದು ತಿಂಗಳು ಇದ್ದಳು. ಅಣ್ಣತಮ್ಮಂದಿರು ಏನೂ ಅನ್ನಲಿಲ್ಲ. ಆದರೆ ಉಣ್ಣಲು ಕೂತಾಗ ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಿದ್ದರಂತೆ.

"ತಿರಗಿ ಬಂದ್ನಿ. ಬರಬಾರ್ದು ಅಂತಿತ್ತು. ಏನ ಮಾಡ್ಲಿ, ನನ್ನ ಕಡೆ ಮಗ್ಗ ಇರಲಿಲ್ಲ," ಅಂದಳು. "ಹೂಂ, ಎಳಿ ತಗೋ. ಕೈ ನಿಂದ್ರಸಬ್ಯಾಡ."

ಎಂಟು ವರ್ಷ ಈ ಮುದುಕಿಯ ಜೊತೆ ಉಪ್ಪಿಗಾಗಿ ಕಾದಾಡಿದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಆ ಮಧ್ಯಾಹ್ನ ರೊಟ್ಟಿ ನಾನೇ ಬಡಿದು, ಬಿಸಿಬಿಸಿಯದನ್ನು ಮೊದಲು ಅವಳ ಮುಂದೆ ಇಟ್ಟೆ. ಅವಳು ಪಲ್ಯದ ರುಚಿ ನೋಡಿ, "ಉಪ್ಪ ಕಡಿಮಿ ಆಗೇತಿ," ಅಂದಳು.

ಗಂಡ ಮೂರು ದಿನ ಕಟ್ಟೆಯ ಮೇಲೆ ಕೂತು ಕಾಲ ಕಳೆದ. ಗುರುವಾರ ಸಂಜೆ ಒಳಗೆ ಬಂದು ಮಗ್ಗದ ಮುಂದೆ ಬಗ್ಗಿ ನಿಂತ. ಕೊನೆಯ ಅಂಚಿನ ಎಳೆಗಳು ಮುಗಿಯುತ್ತ ಬಂದಿದ್ದವು. ಅವನು ಬಹಳ ಹೊತ್ತು ಅಂಚನ್ನೇ ನೋಡಿದ. ಹೋಗುವವನಂತೆ ಬಾಗಿಲವರೆಗೆ ಹೋದ, ಮತ್ತೆ ತಿರುಗಿ ಬಂದ.

"ಅಂಚಿನ್ಯಾಗ ಒಂದ ಎಳಿ ತಪ್ಪೇತಿ," ಅಂದ.

"ಏನೂ ತಪ್ಪಿಲ್ಲ. ಕೆಡಸಾಕ ಬರಬ್ಯಾಡ."

"ಕೆಂಪಿನ ಮಗ್ಗಲದ್ದು ನೋಡು. ಒಂದರ ಕಣ್ಣಾಗ ಇನ್ನೊಂದು ಹೋಗೇತಿ."

ನೋಡಿದೆ. ಖರೆ. ಅದು ಹಾಗೇ ಉಳಿದಿದ್ದರೆ ನೇಯ್ದ ಸೀರೆಯ ಅಂಚಿನಲ್ಲಿ ಉದ್ದಕ್ಕೂ ಒಂದು ಗೀರು ಬೀಳುತ್ತಿತ್ತು. ಹಿರಿಯರ ಕಣ್ಣಿಗೆ ಅದು ಬೀಳದೆ ಇರುತ್ತಿರಲಿಲ್ಲ, ಬೆಲೆಯೂ ಇಳಿಯುತ್ತಿತ್ತು. ಸುಮ್ಮನಿದ್ದಿದ್ದರೆ ಅವನಿಗೇ ಲಾಭ. ಆದರೆ ತಪ್ಪಿದ ಎಳೆ ಕಂಡು ಸುಮ್ಮನಿರುವುದು ಅವನ ಕೈಲಾಗಲಿಲ್ಲ. ನಾನು ಆ ಎಳೆಗಳನ್ನು ಬಿಚ್ಚಿ ಸರಿಯಾಗಿ ತುಂಬಿದೆ. ಅವನು ಅಲ್ಲೇ ಕೂತು ದೀಪ ಹಚ್ಚುವ ಹೊತ್ತಿನ ತನಕ ನೋಡುತ್ತಿದ್ದ.

ಶುಕ್ರವಾರ ಬಡಿಗ ಮಗ್ಗವನ್ನು ನೋಡಿ ಪೆನ್ಸಿಲನ್ನು ಕಿವಿಯಿಂದ ತೆಗೆಯಲೇ ಇಲ್ಲ. "ನನಗ ಕಟ್ಟಿಗಿ ತಿಳಿತೈತ್ರಿ, ನೂಲು ತಿಳ್ಯಾಂಗಿಲ್ಲ. ಸೋಮಾರ ನಾ ಹೇಳಿದ ಬೆಲಿ ಬಿಟ್ಟಬಿಡ್ರಿ," ಎಂದು ಹಿರಿಯರಿಗೆ ಕೈ ಮುಗಿದ. ದೊಡ್ಡ ಮನುಷ್ಯ. ಹಿರಿಯರೇ ಕುಣಿಯಲ್ಲಿ ಕಾಲಿಳಿಸಿ ಕೂತು ಒಂದು ಗೇಣು ನೇಯ್ದು ನೋಡಿದರು. ಅಂಚಿನ ಮೇಲೆ ಉಗುರು ಆಡಿಸಿದರು. ಆಮೇಲೆ ಅವರು ಹೇಳಿದ ಬೆಲೆ ಮೊದಲಿನದರ ನಾಲ್ಕು ಪಟ್ಟು.

"ಭಾಳ ಆತು," ಅಂದ ಗಂಡ.

"ಭಾಳ ಅನಿಸಿದ್ರ ಮಗ್ಗಾ ಅಕಿಗೆ ಬಿಡು, ಅರ್ಧಾ ನೀ ತಗೋ," ಅಂದರು ಹಿರಿಯರು. ಅವನು ಮಗ್ಗವನ್ನೂ ನೋಡಿದ, ಬಾಗಿಲ ಮರೆಯಲ್ಲಿದ್ದ ತಾಯಿಯನ್ನೂ ನೋಡಿದ. "ಬ್ಯಾಡ್ರಿ, ಕೊಡ್ತೀನಿ," ಅಂದ.

ಹಿಂದಿನ ಓಣಿಯ ಅಜ್ಜಿಯ ಖೋಲಿ ಹಿಡಿದೆ. ಮುಂದಿನ ವಾರ ಚೀಟಿ ಬರೆಸಲು ರೋಣಕ್ಕೆ ಹೋದೆವು. ಹಿರಿಯರು, ಗಂಡ, ನಾನು ಒಂದೇ ಬಸ್ಸಿನಲ್ಲಿ. ಅವನು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕಾಗದಪತ್ರ ಬರೆಯುವವರೊಬ್ಬರು ಮಣೆ ಹಾಕಿಕೊಂಡು ಕೂತಿದ್ದರು. ಸ್ಟ್ಯಾಂಪಿನ ಕಾಗದ ತರಿಸಿ, ಬರೆಯುತ್ತ ಗಟ್ಟಿಯಾಗಿ ಓದತೊಡಗಿದರು. ಮೊದಲು ಗಂಡನ ಹೆಸರು, ವಯಸ್ಸು, ಉದ್ಯೋಗ ನೇಕಾರಿಕೆ, ಸಾಕಿನ ಗಜೇಂದ್ರಗಡ. ಸಾಕಿನ ಅಂದರೆ ಇರುವ ಊರು. ಆಮೇಲೆ ನನ್ನ ಹೆಸರು, ವಯಸ್ಸು. ಏನೂ ಕೇಳದೆಯೇ "ಉದ್ಯೋಗ ಮನೆಗೆಲಸ" ಎಂದು ಓದಿದರು.

ನಾನು ಬಾಯಿ ತೆರೆಯುವ ಮೊದಲೇ ಗಂಡ, "ಅದನ್ನ ಹೊಡದ ಹಾಕ್ರಿ," ಅಂದ. "ಅಕೀದೂ ನೇಕಾರಿಕಿನ."

"ಹೆಣ್ಮಕ್ಕಳಿಗೆ ಹಂಗ ಬರಿಯೂ ರೂಢಿ ಇಲ್ಲಪಾ."

"ರೂಢಿ ಇರ್ಲಿ ಬಿಡ್ರಿ. ಎಂಟ ವರ್ಷ ನಾ ಕಣ್ಣಾರೆ ನೋಡೀನಿ."

ನನಗೆ ಅಳು ಉಕ್ಕಿ ಬಂತು. ಈ ಮಾತನ್ನು ಇವನು ಮನೆಯಲ್ಲಿ ಒಂದು ದಿನ ಆಡಿದ್ದರೆ! ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಬರೆಯುವವರು ಕನ್ನಡಕ ಸರಿ ಮಾಡಿಕೊಂಡು ಆ ಅಕ್ಷರ ಹೊಡೆದುಹಾಕಿ, ಮೇಲೆ ಸಣ್ಣದಾಗಿ ನೇಕಾರಿಕೆ ಎಂದು ಬರೆದರು. ಪಕ್ಕದಲ್ಲಿ ಗಂಡನ ಹೆಬ್ಬೆರಳೊತ್ತಿಸಿದರು, ನನ್ನದನ್ನೂ ಒತ್ತಿಸಿದರು. ಆಮೇಲೆ ಲೇಖಣಿಯನ್ನು ಮಸಿಯಲ್ಲಿ ಅದ್ದಿ ನನ್ನ ಕಡೆ ನೋಡಿದರು.

"ಸಾಕಿನ ಏನ ಬರೀಲಿವಾ? ನಿನ್ನ ತವರಮನಿ ಯಾವೂರು?"

"ತವರಮನಿ ತಗೊಂಡ ಏನ ಮಾಡ್ತೀರಿ?" ಅಂದೆ. ದನಿ ಜೋರಾಯಿತೇನೋ, ಆಚೆ ಕೂತಿದ್ದವರೆಲ್ಲ ತಿರುಗಿ ನೋಡಿದರು. "ಗಜೇಂದ್ರಗಡ ಅಂತ ಬರೀರಿ. ನನ್ನ ಮನಿ ಅಲ್ಲೈತಿ."